ಮೀಯದೆ ಮನೆಗೆ ಬಂದ ಮಾತು

“ನಂದೂ ಅಂತ ಒಂದು ಪತ್ರಿಕೆ ಇರ್ಲಿ ಅಂತ ಮಾಡ್ದೆ ಕಣಕ್ಕಾ. ಹಿಂದೆ ಯಾವ ಕಂಪನಿನೂ ಇಲ್ಲ, ಸಂಘನೂ ಇಲ್ಲ. ಫೋನಲ್ಲೇ ಬರೆಯೋದು, ಫೋನಲ್ಲೇ ಫೋಟೋ ತೆಗೆಯೋದು, ಒಂದನೇ ತಾರೀಕು ಇಂಟರ್‌ನೆಟ್ಟಿಗೆ ಬಿಡೋದು. ರೇಷ್ಮೆಗೂಡಲ್ಲಿ ಹಾರ ಕಟ್ಟೋರು, ಹಳೇ ಸೀರೇಲಿ ಕೌದಿ ಹೊಲಿಯೋರು, ನಿಂತ ನಿಲುವಲ್ಲೇ ಸೋಬಾನೆ ಕಟ್ಟೋರು, ನಮ್ಮ ಕಡೆ ಹೆಂಗಸರನ್ನ ‘ಇದನ್ನ ಹೆಂಗಮ್ಮಾ ಮಾಡ್ದೆ’ ಅಂತ ಯಾರು ಕೇಳವ್ರೆ? ನಾನು ಕೇಳ್ದೆ. ಹನ್ನೊಂದು ಸಂಚಿಕೆ ಕೇಳಿ ಕೇಳಿ ಬರ್ದೆ. ಹನ್ನೆರಡನೇದಕ್ಕೆ ಕೇಳ್ಲಿಲ್ಲ, ಕದ್ದೆ. ಓದೋರು ಎಲ್ಲೋ ದೂರದೋರು, ನಮ್ಮೋರು ಯಾರು ನೋಡ್ತಾರೆ ಅಂದ್ಕೊಂಡೆ. ನಮ್ಮೋರ ಪತ್ರಿಕೆ ಅಂತ ಹೇಳ್ಕೊಂಡು, ನಮ್ಮೋರು ಓದಲ್ಲ ಅಂತ ನಂಬಿದ್ದೆ ನೋಡಿ. ಅದಕ್ಕೇ ಮುಖ ಎತ್ತಕ್ಕಾಗಲ್ಲ.”

ಹೊಸಕೋಟೆ ಕಡೆಯ ವಿಜಯಪುರದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನವ್ಯಶ್ರೀ ಈಗ ಕೇಳಿದವರಿಗೆಲ್ಲ ಇಷ್ಟನ್ನೇ ಹೇಳುತ್ತಾಳೆ. ಅವಳ ಪತ್ರಿಕೆಗೆ ‘ಕೈಗುಣ’ ಎಂದು ಹೆಸರು.

ಅವಳ ಬೀದಿಯಲ್ಲೇ ಅಮ್ಮಯಮ್ಮ ಎಂಬ ಮುದುಕಿ ಇದ್ದಾಳೆ. ಸಾವಿನ ಮನೆಯಲ್ಲಿ ಮಾತು ಕಟ್ಟಿ ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸತ್ತವರ ಆಸೆ, ಇದ್ದವರ ತಪ್ಪು, ಎಲ್ಲವನ್ನೂ ರಾಗವಾಗಿ ಹೇಳಿಬಿಡುತ್ತಾಳೆ. ಅಲ್ಲಿ ಹೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು, ಮತ್ತೆ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಬೀದಿಯ ವರಲಕ್ಷ್ಮಮ್ಮ ತೀರಿಕೊಂಡ ದಿನ, ಹೊಸಕೋಟೆಗೆ ಕೊಟ್ಟಿದ್ದ ಮಗಳು ಅಕ್ಷತ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅಮ್ಮಯಮ್ಮ ಅವಳ ಕೊರಳು ತಬ್ಬಿಕೊಂಡು ಅತ್ತಳು. “ಮಗಳು ಬಂದಾಳು ಅಂತ ಬಾಗ್ಲು ಹಾಕ್ದೆ ಕಾದ್ಯಲ್ಲೇ ನನ್ನವ್ವಾ, ಹೊಸಕೋಟೆ ಏನು ಕಾಶಿಯಷ್ಟು ದೂರವೇ ನನ್ನವ್ವಾ.” ಫ್ಯಾಕ್ಟರಿಯಲ್ಲಿ ರಜೆ ಸಿಗದೆ ತಡವಾಗಿ ಬಂದ ಅಕ್ಷತ ಆ ಮಾತು ಕೇಳಿ, ಎದೆಯಲ್ಲಿ ಕಟ್ಟಿಕೊಂಡಿದ್ದ ದುಃಖ ಬಿಚ್ಚಿ ಅತ್ತಳು. ನವ್ಯಶ್ರೀ ಗೋಡೆಗೆ ಒರಗಿ, ಸೆರಗಿನ ಮರೆಯಲ್ಲಿ ಫೋನು ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಎಂಥ ಪದ ಎಂದು ಅವಳ ಮೈ ಜುಮ್ಮೆಂದಿತ್ತು.

ಹನ್ನೆರಡನೆಯ ಸಂಚಿಕೆಯಲ್ಲಿ ಆ ಅಳುವನ್ನು ಹಾಗೇ ಹಾಕಿದಳು. ಎಲ್ಲೆಲ್ಲಿಂದಲೋ ಹೊಗಳಿಕೆ ಬಂತು. ನಾಲ್ಕನೆಯ ದಿನ ಅಕ್ಷತಳ ಫೋನು ಬಂತು.

“ನಮ್ಮತ್ತೆ ಊಟಕ್ಕೆ ಕೂತ್ಕೊಂಡು ಅದನ್ನ ಹಾಕವ್ರೆ ಕಣೇ. ‘ಹೆತ್ತೋಳ ಬಾಯಿಗೇ ನೀರು ಬಿಡ್ದೋಳು ನಮ್ಗೇನು ಬಿಟ್ಟಾಳು’ ಅಂತ ಎಲ್ರ ಮುಂದೆ ಅಂದ್ರು. ನಾನತ್ತಿದ್ದು ನಮ್ಮವ್ವಂಗೆ. ನಿನ್ನ ಪತ್ರಿಕೆಗಲ್ಲ.”

ನವ್ಯಶ್ರೀ ಕೂಡಲೇ ಅಳಿಸಿಹಾಕಿದಳು. ಆದರೆ ಅದು ಅಷ್ಟರಲ್ಲಿ ಹೊಸಕೋಟೆಯ ಎಷ್ಟೋ ಫೋನುಗಳಲ್ಲಿ ಕೂತಿತ್ತು. ಅಮ್ಮಯಮ್ಮನ ಮನೆಯ ಮುಂದೆ ಹೋಗಲಾರದೆ ಅವಳು ಅಂಗಡಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದಳು.

ಹದಿನೈದು ದಿನಕ್ಕೆ ಅದೇ ಬೀದಿಯ ಪಿಳ್ಳಪ್ಪ ತೀರಿಕೊಂಡ. ಹೆಂಗಸರೆಲ್ಲ ಹೆಣದ ಸುತ್ತ ಕೂತು ಅಮ್ಮಯಮ್ಮನ ಮುಖ ನೋಡಿದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ಕೂತಿದ್ದಳು.

“ಏನಮ್ಮಯಮ್ಮಾ, ನಾಲಗೇನ ಮನೇಲಿ ಬಿಟ್ಬಂದ್ಯಾ?” ಎಂದಳು ಒಬ್ಬಳು.

“ಯಾರ ಸೆರಗಲ್ಲಿ ಏನೈತೋ ಕಾಣೆ ಕಣ್ರವ್ವಾ.”

ಯಾರೂ ನವ್ಯಶ್ರೀಯ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು. ಫೋನನ್ನು ಅವಳು ಅವತ್ತು ಮನೆಯಲ್ಲೇ ಇಟ್ಟು ಬಂದಿದ್ದಳು. ಪಿಳ್ಳಪ್ಪನನ್ನು ಮಾತಿಲ್ಲದೆ ಎತ್ತಿಕೊಂಡು ಹೋದರು. ಅವನ ಮಗಳು ಅಳಲಾಗದೆ ಬಾಗಿಲಲ್ಲಿ ನಿಂತೇ ಇದ್ದಳು.

ಸಂಜೆ ನವ್ಯಶ್ರೀ ಅಮ್ಮಯಮ್ಮನ ಹೊಸಿಲಲ್ಲಿ ನಿಂತಳು. “ತಪ್ಪಾಯ್ತಜ್ಜಿ.”

“ಸಾವಿನ ಮನೆಯಿಂದ ಬಂದು ನೀನು ಮಿಂದೆ. ನಿನ್ನ ಫೋನು ಮೀಲಿಲ್ಲ,” ಎಂದಳು ಮುದುಕಿ. “ನನ್ನ ಕಾಲು ಹಿಡ್ಕೊಂಡ್ರೆ ಏನು ಬಂತು? ಹೊಸಕೋಟೇಲಿರೋ ಆ ಮಗೀನ ಹತ್ರ ಹೋಗು. ಅವಳು ಬಂದು ನಂಗೆ ‘ಅಳಜ್ಜಿ’ ಅನ್ನೋವರ್ಗೂ ನನ್ನ ಬಾಯಿ ಏಳಲ್ಲ.”

ಭಾನುವಾರ ನವ್ಯಶ್ರೀ ಹೊಸಕೋಟೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮುಂದಿನ ಸಂಚಿಕೆಗೆ ದೊಡ್ಡದಾಗಿ ಒಂದು ಕ್ಷಮೆಯನ್ನು ಮನಸ್ಸಿನಲ್ಲೇ ಬರೆದುಕೊಂಡಳು. ಅಕ್ಷತ ಮನೆಯ ಮುಂದಿನ ನಲ್ಲಿಯ ಹತ್ತಿರ ಬಿಂದಿಗೆಗಳನ್ನು ಜೋಡಿಸುತ್ತಿದ್ದಳು. ಒಳಗಿನಿಂದ ಅತ್ತೆಯ ಕೆಮ್ಮು ಕೇಳುತ್ತಿತ್ತು.

“ಪತ್ರಿಕೇಲಿ ಕ್ಷಮೆ ಬರೀತೀನಿ ಅಕ್ಷತಾ, ಎಲ್ರೂ ನೋಡೋ ಹಂಗೆ...”

“ಬರ್ದು? ನೋಡ್ದೇ ಇದ್ದೋರೂ ನೋಡ್ಲಿ ಅಂತಾನಾ?”

ನವ್ಯಶ್ರೀಯ ಕಿವಿ ಬಿಸಿಯಾಯಿತು. ಕ್ಷಮೆಯನ್ನೂ ಸಂಚಿಕೆಯ ಸರಕು ಮಾಡಲು ಹೊರಟಿದ್ದೆನಲ್ಲ ಎಂದು ತಲೆ ತಗ್ಗಿಸಿ ನಿಂತಳು.

“ಏನೂ ಬರೀಬೇಡ,” ಎಂದಳು ಅಕ್ಷತ. “ನಮ್ಮತ್ತೆ ಎದುರಿಗೆ ಬಂದು ‘ರಜ ಕೊಡ್ಲಿಲ್ಲ ಇವಳಿಗೆ, ನಂಗೊತ್ತಿತ್ತು, ನಾನೇ ಕದ್ದು ಹಾಕ್ದೆ’ ಅಂತ ಹೇಳ್ತೀಯಾ?”

“ಹೇಳ್ತೀನಿ. ಅಮ್ಮಯಮ್ಮಜ್ಜಿ ಅಳೋದೇ ಬಿಟ್ಟವ್ರೆ, ನೀನು ಬಂದು ‘ಅಳಜ್ಜಿ’ ಅನ್ನಬೇಕಂತೆ.”

“ಅಜ್ಜಿ ಮಾತು ಆಮೇಲೆ ನೋಡನ. ಈಗ ನೀರು ಬಂದೈತೆ, ಮೂರು ದಿನಕ್ಕೊಂದು ಸಲ ಬಿಡೋದು. ಹಿಡ್ಕೋ ಇದ್ನ.”

ನವ್ಯಶ್ರೀ ಸೆರಗು ಸಿಕ್ಕಿಸಿಕೊಂಡು ಬಿಂದಿಗೆಯನ್ನು ನಲ್ಲಿಗೆ ಒಡ್ಡಿದಳು. ತುಂಬಿದ್ದನ್ನು ಅಕ್ಷತ ಎತ್ತಿಕೊಂಡು ಒಳಗೆ ಹೋದಳು. ಇವಳು ಎರಡನೆಯದನ್ನು ತೊಳೆದು ಇಟ್ಟಳು.