ಅಜ್ಜಿ ಏನು ಹೇಳಿದ್ದಳು?
ಸ್ವೀಡನ್ನಿನ ಲುಂಡ್ ನಗರದಲ್ಲಿ ನೆಲೆಸಿದ ಬಿರಾದಾರರಿಗೆ ಕಾಫಿಗಿಂತ ಗಡಿಯ ಸುದ್ದಿಯೇ ರುಚಿ. ೨೦೦೭ರಲ್ಲಿ ಅಲ್ಲಿನ ಅಕ್ಕಪಕ್ಕದ ಪ್ರಾಂತ್ಯಗಳನ್ನು ಒಂದುಮಾಡುವ ಮಾತೆದ್ದಾಗಿನಿಂದ ಆಫೀಸಿನ ‘ಫೀಕಾ’ ಎಂಬ ಕಾಫಿ-ತಿಂಡಿ ವಿರಾಮದಲ್ಲಿ ಅವರ ಪ್ರಶ್ನೆಗಳ ನಡುವೆ ಯಾರ ಬನ್ನೂ ಬಾಯಿಗೆ ಹೋಗದು. “ಈ ಸ್ಕೋನೆ ಪ್ರಾಂತ್ಯ ಹಿಂದೆ ಡೆನ್ಮಾರ್ಕಿನದಲ್ಲವೇ? ಶಾಲೆಯಲ್ಲಿ ಏನು ಕಲಿಸಿದರು? ನಿಮ್ಮಜ್ಜಿ ಏನು ಹೇಳಿದ್ದಳು?” ಬಸ್ ಡ್ರೈವರನನ್ನೂ ಅವರು ಬಿಟ್ಟವರಲ್ಲ. ಕನ್ನಡಿಗರ ನಡುವೆಯಾದರೆ ಬೆಂಗಳೂರು ಧಾಟಿ: “ಪುಸ್ತಕ ಗೆದ್ದೋರದು ಕಣ್ರೀ, ಅಜ್ಜೀನ ಕೇಳ್ಬೇಕು!” ಆ ವರ್ಷದ ರಾಜ್ಯೋತ್ಸವದ ಊಟದಲ್ಲಿ ಮಗಳು ಲಾವಣ್ಯಾ ಕೇಳಿದಳು: “ಪಪ್ಪಾ, ನಿಮ್ ಬೀದರ್ ಮುಂಚೆ ನಿಜಾಮಂದಲ್ವಾ? ನಿಮ್ಮಜ್ಜಿ ಏನ್ ಹೇಳಿದ್ರು?” ಬಿರಾದಾರರು ಮುರಿದ ಹೋಳಿಗೆಯನ್ನು ತಟ್ಟೆಗಿಟ್ಟರು; ಬೆಂಗಳೂರು ಧಾಟಿ ಜಾರಿ ಬೀದರಿನ ಮಾತು ಬಂತು. “ನಿಜಾಮನ ರಾಜ್ಯ ಹೋಗೂವಾಗಿನ ಗದ್ಲದಾಗ ಆಕಿ ನೆಲದಾಗಿನ ಜ್ವಾಳದ ಹಗೇವಿನ್ಯಾಗ ಅಡಗಿ ಕುಂತಿದ್ಳಂತವ್ವಾ. ಸತ್ತ ಮ್ಯಾಲೆ ಬ್ಯಾರೆಯವ್ರು ಹೇಳಿದ್ರು. ನಾ ಒಂದಿನಾನೂ ಕೇಳ್ಲಿಲ್ಲ.”