ಅಜ್ಜಿಯ ಕಿವಿಯ ಮೆಶಿನು

ನನ್ನ ಸಂಶೋಧನೆಯ ವಿಷಯ ಶಬ್ದ. ಸರಿಯಾಗಿ ಹೇಳುವುದಾದರೆ, ಗದ್ದಲದ ನಡುವಿನಿಂದ ಮನುಷ್ಯನ ಮಾತನ್ನು ಮಾತ್ರ ಹೆಕ್ಕಿ ತೆಗೆಯುವುದು ಹೇಗೆ ಎಂಬುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಪೆದ್ದು ಕೆಲಸವನ್ನು ಓದಿ, ಪಾಪ, ಅವಳಿಗೆ ಇದೆಲ್ಲ ಗೊತ್ತಿಲ್ಲ ಎಂದು ಯಾರೂ ಕ್ಷಮಿಸಬಾರದು.

ಅಜ್ಜಿ, ಅಂದರೆ ಅಪ್ಪನ ಅಮ್ಮ, ತಾಳಮದ್ದಳೆಯ ಮರುಳು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನೂ ಕೌರವನೂ ಆಗಿ ವಾದ ಮಾಡುವುದನ್ನು ಅವಳು ಐವತ್ತು ವರ್ಷ ಕೇಳಿದ್ದಾಳೆ. ಆ ವಾದದ ಮಾತಿಗೇ 'ಅರ್ಥ' ಎನ್ನುವುದು. ಈಚೆಗೆ ಅವಳ ಕಿವಿ ಮಂದವಾಗಿತ್ತು. "ಚೆಂಡೆ ಕೇಳ್ತದೆ, ಅರ್ಥ ಕೇಳುವುದಿಲ್ಲ" ಎಂದು ಹೇಳಿ ಹೋಗುವುದನ್ನೇ ಬಿಟ್ಟಿದ್ದಳು. ನಾನು ಕಾಸರಗೋಡಿಗೆ ಕರೆದುಕೊಂಡು ಹೋಗಿ ಶ್ರವಣಯಂತ್ರ ಹಾಕಿಸಿದೆ. ಅಜ್ಜಿಗೆ ಸ್ವಂತ ಫೋನಿಲ್ಲ, ಹಾಗಾಗಿ ಅದನ್ನು ನನ್ನ ಫೋನಿಗೆ ಜೋಡಿಸಿದೆ. ಅದರಲ್ಲಿ ಒಂದು ಸೌಕರ್ಯ ಉಂಟು: ಫೋನನ್ನು ಮಾತನಾಡುವವರ ಹತ್ತಿರ ಇಟ್ಟರೆ ಅದೇ ಮೈಕ್ ಆಗಿ, ಮಾತು ನೇರ ಅಜ್ಜಿಯ ಕಿವಿಗೆ ಹೋಗುತ್ತದೆ.

ಒಂದು ಭಾನುವಾರ ಎಡನೀರಿನಲ್ಲಿ ತಾಳಮದ್ದಳೆಯ ಕೂಟವಿತ್ತು. ನಾಲ್ಕು ಜನರೆದುರು ಎದ್ದು ನೀರು ಕುಡಿಯಲೂ ನಾಚುವ ನಾನು, ಸಭೆಯ ಮಧ್ಯೆ ಬಗ್ಗಿ ನಡೆದು ಅರ್ಥಧಾರಿಗಳ ಮುಂದೆ ಫೋನಿಟ್ಟು ಬಂದೆ. ಅಜ್ಜಿ ಎರಡು ಗಂಟೆ ಅಲುಗಾಡಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, "ಕೃಷ್ಣ ಸುಮ್ಮನೆ ಎಳೆದ ಮಾರಾಯ್ತಿ. ಕೌರವ ಮೂರೇ ಮಾತಿನಲ್ಲಿ ಗೆದ್ದ" ಎಂದಳು. ವಿಜ್ಞಾನದ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆ ಎಂದೂ ಆದದ್ದಿಲ್ಲ. ಆ ಹೆಮ್ಮೆಯಲ್ಲಿ ಮೈಕ್ ಆಫ್ ಮಾಡಲು ಮರೆತೆ.

ಅದೇ ವಾರ ನನಗೊಂದು ಸಂಕಟವಿತ್ತು. ಅಪ್ಪ ನಿವೃತ್ತ ಹೆಡ್ಮಾಷ್ಟ್ರು, ಊರಿನ ವಾಚನಾಲಯದ ಕಾರ್ಯದರ್ಶಿ. ವಾರ್ಷಿಕೋತ್ಸವದ ಆಮಂತ್ರಣದಲ್ಲಿ ವಿಶೇಷ ಉಪನ್ಯಾಸಕ್ಕೆ ನನ್ನ ಹೆಸರು ಹಾಕಿದ್ದರು. ವಿಷಯ: 'ಬದುಕನ್ನು ಬದಲಿಸುತ್ತಿರುವ ವಿಜ್ಞಾನ'. ಹೆಸರಿನ ಹಿಂದೆ 'ಡಾ.'

"ಇನ್ನೂ ಆಗಲಿಲ್ಲವಲ್ಲ ಅಪ್ಪ" ಎಂದೆ.

"ಇವತ್ತಲ್ಲದಿದ್ದರೆ ನಾಳೆ ಆಗ್ತದೆ. ಕಾರ್ಡು ಶನಿವಾರ ಪ್ರೆಸ್ಸಿಗೆ ಹೋಗಬೇಕು."

ಆಗುವಂಥದ್ದು ಏನೂ ಇರಲಿಲ್ಲ. ಸಂಶೋಧನೆ ಬಿಡುತ್ತೇನೆಂದು ಬರೆದುಕೊಟ್ಟು ನಾನು ಮನೆಗೆ ಬಂದು ಎರಡು ತಿಂಗಳಾಗಿತ್ತು. ಪ್ರಬಂಧ ಬರೆಯುತ್ತಿದ್ದೇನೆ ಎಂದು ಮನೆಯವರು ತಿಳಿದಿದ್ದರು. ಅಮ್ಮನಿಗೆ ಹೇಳಿದರೆ ಅದು ಅಪ್ಪನಿಗೆ ಹೇಳಿದಂತೆಯೇ. ಶನಿವಾರದೊಳಗೆ ಅಪ್ಪನಿಗೆ ಹೇಳದಿದ್ದರೆ ನನ್ನ ಸುಳ್ಳು ಅಚ್ಚಾಗಿ ಊರಿಡೀ ಹಂಚಿಹೋಗುತ್ತದೆ.

ಗ್ಯಾಸಿನವರಿಗೆ ಫೋನ್ ಮಾಡುವ ಮೊದಲೂ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವವಳು ನಾನು. ಹಾಗಾಗಿ ಸೋಮವಾರದಿಂದಲೇ ಅಭ್ಯಾಸಕ್ಕೆ ಇಳಿದೆ. ಅಪ್ಪ ಮಧ್ಯಾಹ್ನ ವಾಚನಾಲಯಕ್ಕೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿ, ಮೇಜಿನ ಮೇಲೆ ಫೋನಿಟ್ಟು, ಎಷ್ಟು ನಿಮಿಷ ಆಗುತ್ತದೆಂದು ಸಮಯ ನೋಡಿಕೊಂಡು ಮಾತಾಡಿದೆ. ಎರಡೂ ಪಾತ್ರ ನನ್ನದೇ. ಅಪ್ಪನಾಗಿ, "ನಿನ್ನ ಮೇಲೆ ಎಷ್ಟು ಭರವಸೆ ಇಟ್ಟಿದ್ದೆ, ಊರಿಗೆ ಹೇಗೆ ಮುಖ ತೋರಿಸಲಿ" ಎಂದು ಗದ್ಗದಿತಳಾದೆ. ನಾನಾಗಿ, ಮೂರು ವರ್ಷ ನಾನು ಒದ್ದಾಡಿದ ಕೆಲಸವನ್ನು ಹೊಸದೊಂದು ಸಾಫ್ಟ್‌ವೇರ್ ಅರೆನಿಮಿಷದಲ್ಲಿ ಮಾಡುತ್ತದೆ, ಕಾಲವೇ ಹಾಗಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ವಾದಿಸಿದೆ. ಬುಧವಾರ ಅಪ್ಪನ ಪಾತ್ರ ಕ್ಷಮಿಸಿದಾಗ ನನಗೆ ನಿಜಕ್ಕೂ ಕಣ್ಣೀರು ಬಂತು. ಫೋನಿನ ಬ್ಯಾಟರಿ ಬೇಗ ಮುಗಿಯುತ್ತಿತ್ತು. ಫೋನ್ ಹಳತಾಯಿತು ಎಂದುಕೊಂಡೆ.

ಶುಕ್ರವಾರ ಅಜ್ಜಿ ಚಾವಡಿಯಿಂದ ಕರೆದಳು. ನನ್ನ ಕೋಣೆಗೂ ಅವಳ ಕುರ್ಚಿಗೂ ಮಧ್ಯೆ ಒಂದೇ ಗೋಡೆ.

"ಸೋಮವಾರದ್ದು ಚೆಂದ ಇತ್ತು" ಎಂದಳು.

"ಎಂತದ್ದು ಅಜ್ಜಿ?"

"ನೀನು ಹೇಳಿದ ಅರ್ಥ. ನಿನ್ನೆಯದ್ದು ಸಾಲದು. ಇಂಗ್ಲಿಷ್ ಜಾಸ್ತಿ ಆಯಿತು."

ಕೈಯಲ್ಲಿದ್ದ ಫೋನ್ ನೋಡಿದೆ. ಮೈಕಿನ ಹಸಿರು ಚುಕ್ಕಿ ತಣ್ಣಗೆ ಉರಿಯುತ್ತಿತ್ತು. ಅದು ಯಾವ ದಿನವೂ ಅಡಗಿ ಕೂತಿರಲಿಲ್ಲ.

"ಎಲ್ಲ ಕೇಳಿತಾ? ನನಗೆ ಹೇಳಬೇಕಲ್ಲವಾ ಅಜ್ಜಿ!"

"ನನಗೆ ಕೇಳಲಿಕ್ಕೇ ಹಾಕಿದ್ದು ಅಂತ ಎಣಿಸಿದೆ. ಮಧ್ಯಾಹ್ನ ಹೊತ್ತು ಹೋಗಲಿ ಅಂತ." ಆಮೇಲೆ ವೀಳ್ಯದೆಲೆ ಮಡಚುತ್ತ ಮುಂದುವರಿಸಿದಳು, "ಅಪ್ಪನ ಅರ್ಥ ನಿನಗೆ ಚೂರೂ ಬರುವುದಿಲ್ಲ. ಅವನು ಅಷ್ಟು ಮಾತಾಡುವವನಾ? ನಾನು ಹೆತ್ತವಳು, ನನಗೆ ಗೊತ್ತುಂಟು. ಮತ್ತೆ ನಿನ್ನ ಕೆಲಸ ಮಾಡುವ ಆ ಮೆಶಿನಿನ ಕಥೆ ಬಿಡು."

"ಅದು ಸುಳ್ಳಲ್ಲ ಅಜ್ಜಿ."

"ಸುಳ್ಳು ಅಂತ ಹೇಳಿದ್ದು ಯಾರು? ಆ ಮೆಶಿನು ಬಂದಿರದಿದ್ದರೆ ನೀನು ಬಿಡುತ್ತಿರಲಿಲ್ಲವಾ?"

ನಾಲ್ಕು ದಿನ ಎರಡೂ ಕಡೆಯಿಂದ ವಾದಿಸಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬಿಡುತ್ತಿದ್ದೆ. ಎರಡನೆಯ ವರ್ಷವೇ ನನಗೆ ಅದು ಸಾಕಾಗಿತ್ತು. ಆ ಸಾಫ್ಟ್‌ವೇರ್ ಬಂದಾಗ ನನಗಾದದ್ದು ಆಘಾತವಲ್ಲ, ಬಿಡುಗಡೆ.

ಸಂಜೆ ಅಪ್ಪ ಚಾವಡಿಯಲ್ಲಿ ಆಮಂತ್ರಣದ ಕರಡು ತಿದ್ದುತ್ತ ಕುಳಿತಿದ್ದರು. ನಾನು ಎದುರು ನಿಂತು, "ಅಪ್ಪ, ಈಗ ತಂತ್ರಜ್ಞಾನದ ವೇಗ ಹೇಗಿದೆ ಅಂದರೆ" ಎಂದು ಶುರುಮಾಡಿದೆ. ಕುರ್ಚಿಯಲ್ಲಿದ್ದ ಅಜ್ಜಿ ಕೆಮ್ಮಿದಳು. ಕೆಟ್ಟ ಅರ್ಥಧಾರಿಗೆ ಅವಳು ಕೆಮ್ಮುವ ಕೆಮ್ಮು ಅದು.

"ನಾನು ಪಿಎಚ್‌ಡಿ ಬಿಟ್ಟೆ. ಎರಡು ತಿಂಗಳಾಯಿತು. ನನಗೆ ಬೇಡ ಅನ್ನಿಸಿತು. ಹೇಳಲು ಹೆದರಿದೆ."

ಸಮಯ ನೋಡಿಕೊಳ್ಳುವಷ್ಟು ಉದ್ದವೇ ಇರಲಿಲ್ಲ ಅದು.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ 'ಡಾ.' ಎಂಬುದಕ್ಕೆ ಅಡ್ಡಗೆರೆ ಎಳೆದರು. ಶಾಲೆಯ ಉತ್ತರಪತ್ರಿಕೆಯಲ್ಲಿ ಎಳೆಯುತ್ತಿದ್ದರಲ್ಲ, ಹಾಗೆ, ಅಡಿಯ ಅಕ್ಷರ ಕಾಣುವಂತೆ.

"ಎಂ.ಎಸ್ಸಿ. ಹಾಕಬಹುದಲ್ಲ?" ಎಂದು ಕೇಳಿದರು.

"ಹಾಕಬಹುದು."

"ಉಪನ್ಯಾಸ ಉಂಟು. ಅದನ್ನು ಬಿಡುವ ಹಾಗಿಲ್ಲ." ಕಾಗದ ಮಡಚಿ ಒಳಗೆ ಹೋದರು.

"ನಾನು ಹೇಳಲಿಲ್ಲವಾ" ಎಂದಳು ಅಜ್ಜಿ, "ಅವನದ್ದು ಗಿಡ್ಡ ಅರ್ಥ." ನಾನು ಫೋನ್ ತೆಗೆದು ಮೈಕ್ ಆಫ್ ಮಾಡಿದೆ. ಅವಳ ಕೈ ಕೂಡಲೇ ಕಿವಿಗೆ ಹೋಯಿತು.

"ಅದನ್ನು ಯಾಕೆ ತೆಗೆದೆ? ನಿನಗೆ ನಾಳೆಯಿಂದ ಉಪನ್ಯಾಸ ಕಲಿಯಲಿಕ್ಕೆ ಉಂಟಲ್ಲ?"