ಮೂವತ್ತು ಕುದುರೆಗಳು, ಎರಡು ಕಲ್ಲುತೊಟ್ಟಿಗಳು

ಜಗದ ಭಾರವನ್ನು ಮಾತಿಲ್ಲದೆ ಹೊತ್ತಿರುವ ಪರಶಿವನಿಗೆ ಮೊದಲ ನಮಸ್ಕಾರ. ಎತ್ತಿನ ಹೆಗಲಿಗೆ ಎರಡನೆಯದು. ಭಾರ ಮಿತಿಮೀರಿತೆಂದು ನಮ್ಮ ಮುಖ ನೋಡಿ ಹೇಳಬಲ್ಲ ಧೀರರಿಗೆ ಮೂರನೆಯದು. ಈ ಮೂರನೆಯದು ನನ್ನಿಂದ ಬಹು ತಡವಾಗಿ ಸಲ್ಲುತ್ತಿದೆ.

ಮೋಟಾರನ್ನು ಕಂಡೊಡನೆ ಅದು ಎಷ್ಟು ವೇಗವಾಗಿ ಓಡೀತೆಂದು ತರುಣರು ಕೇಳುತ್ತಾರೆ. ಎಷ್ಟು ಎಳೆದೀತೆಂದು ನನ್ನಂಥ ವೃದ್ಧರು ಕೇಳುತ್ತೇವೆ, ಏಕೆಂದರೆ ಸಾಗಿಸಬೇಕಾದ ಸಾಮಾನು ನಮ್ಮಲ್ಲಿಯೇ ಹೆಚ್ಚು. ಯುದ್ಧಕಾಲದ ಒಂದು ಮಾಘಮಾಸದಲ್ಲಿ, ನಮ್ಮ ತಾಯಿಯವರ ಸ್ಮರಣೆಗೆ ಮದಲೂರಿನ ದಾರಿಬದಿಯಲ್ಲಿ ದನಗಳಿಗೆ ನೀರುಣಿಸಲೆಂದು ಮಧುಗಿರಿಯಲ್ಲಿ ಎರಡು ಕಲ್ಲುತೊಟ್ಟಿಗಳನ್ನು ಕಡೆಸಿದ್ದೆ. ಅವನ್ನು ಕೂರಿಸುವ ಮುಹೂರ್ತವನ್ನೂ ನಾನೇ ಇಟ್ಟಿದ್ದೆ. ಅಷ್ಟರಲ್ಲಿ ಊರಿನ ಎತ್ತುಗಳಿಗೆಲ್ಲ ಕಾಲುಬಾಯಿ ಬೇನೆ. ಆಗ ಶಿರಾದ ಸಾಬ್ಜಾನ್ ಸಾಹೇಬರು ತಮ್ಮ ಪುಟ್ಟ ಸಾಮಾನು ಮೋಟಾರನ್ನು ತಂದರು. ಅದರ ಬೆನ್ನಿನ ಅರ್ಧ ಜಾಗವನ್ನು, ಪೆಟ್ರೋಲು ಸಿಗದ ಆ ಕಾಲದಲ್ಲಿ ಮೋಟಾರನ್ನು ಹೊಗೆಯಿಂದ ಓಡಿಸಲು ಜೋಡಿಸಿದ್ದ ಇದ್ದಿಲ ಒಲೆಯೇ ತಿಂದಿದ್ದರಿಂದ, ತೊಟ್ಟಿಗಳನ್ನು ಎತ್ತಿಲ್ಲದ ಗಾಡಿಗೆ ಹೇರಿ ಹಿಂದೆ ಕಟ್ಟೋಣವೆಂದರು. ಮೋಟಾರಿಗೆ ಮೂವತ್ತು ಕುದುರೆಗಳ ಬಲವೆಂದು ಅವರು ಹೇಳಿದ್ದೇ ತಡ, ನನ್ನ ತ್ರೈರಾಶಿಕ ಜಾಗೃತವಾಯಿತು: ಒಂದು ಕುದುರೆಗೆ ಇಂತಿಷ್ಟು ಮಣವಾದರೆ ಮೂವತ್ತಕ್ಕೆಷ್ಟು? ಬಂದ ಲಬ್ಧದ ಪ್ರಕಾರ ತೊಟ್ಟಿಗಳ ಜೊತೆಗೆ ಮಧುಗಿರಿಯ ಅರ್ಧ ಬೆಟ್ಟವನ್ನೂ ಒಯ್ಯಬಹುದಾಗಿತ್ತು.

"ಮೂವತ್ತು ಕುದುರೆ ಪೆಟ್ರೋಲಿಗೆ, ಸ್ವಾಮಿ. ಇದ್ದಿಲು ತಿಂದು ಎಷ್ಟು ಏಳ್ತವೋ ಖುದಾನೇ ಬಲ್ಲ" ಎಂದು ಸಾಹೇಬರು ನಕ್ಕರು.

ನಾನು ಗಣಿತದಲ್ಲಿ ಮುಳುಗಿದ್ದೆ, ನಗಲಿಲ್ಲ. ಗಾಡಿಯ ಒಡೆಯ ಕರಿಯಣ್ಣ ಮಾತ್ರ ನೊಗ ಕಟ್ಟುವ ಮುಂದಣ ಮರವಾದ ಮೂಕಿಗೆ ಕೈಹಾಕಿ ಎತ್ತಿದ. ಎರಡು ಕಲ್ಲು ಹೇರಿದ ಗಾಡಿಯ ಮೂಕಿ ಹೂವಿನಂತೆ ಮೇಲೆದ್ದಿತು. ಭಾರವೆಲ್ಲ ಹಿಂದಕ್ಕಿದೆ, ಇಂಥ ಗಾಡಿ ಬಾಲ ಬೀಸುತ್ತದೆ ಎಂದು ಅವನು ಗೊಣಗಿದ. ನಾನು ಕೇಳದೆ ಸಮತಟ್ಟಿನ ದಾರಿಯಲ್ಲಿ ಪರೀಕ್ಷೆ ಮಾಡಿಸಿದೆ. ಮೋಟಾರು ಕೆಮ್ಮುತ್ತ ಕೆಮ್ಮುತ್ತ ಎಳೆದೇ ಎಳೆಯಿತು. ದಿಗ್ವಿಜಯ ಮುಗಿಸಿದವನಂತೆ ಕರಿಯಣ್ಣನತ್ತ ನೋಡಿದೆ.

"ಎಳೆಯೋದೇನ್ ಸ್ವಾಮಿ, ಎಳೀತದೆ. ಇಳಿಜಾರಾಗೆ ಕಲ್ಲು ಹಿಂದ್ಲಿಂದ ನೂಕ್ಕಂಡ್ ಬಂದ್ರೆ ತಡೆಯೋರ್ಯಾರು, ನಿಮ್ ಮುಹೂರ್ತವಾ? ಅದ್ರಾಗೆ ಕುಂತಿರೋನು ಸಾಬಣ್ಣ."

ಸಾಹೇಬರ ನಗು ನಿಂತಿತು. ಆದರೂ ಅದನ್ನೂ ನೋಡಿಯೇಬಿಡೋಣವೆಂದ ನನ್ನ ಮಾತಿಗೆ ಇಲ್ಲವೆನ್ನಲಾರದೆ ಊರಾಚೆಯ ಸಣ್ಣ ಇಳಿಜಾರಿಗೆ ಹೊರಟರು. ಕರಿಯಣ್ಣ ಅದರ ತಳದಲ್ಲಿ ಮರಳು ಸುರಿದು ಕಾದು ನಿಂತ. ನಡುವೆ ಸಾಹೇಬರು ಬ್ರೇಕು ಒತ್ತಿದರು. ಮೋಟಾರು ನಿಲ್ಲಲು ಒಪ್ಪಿತು, ಗಾಡಿ ಒಪ್ಪಲಿಲ್ಲ. ಅದು ಅತ್ತಿತ್ತ ಬೀಸುತ್ತ ಅವರನ್ನು ಕೆಳಗಿನವರೆಗೂ ನೂಕಿತು. ಮರಳಿನಲ್ಲಿ ಚಕ್ರ ಹೂತಾಗಲೇ ಎಲ್ಲವೂ ನಿಂತದ್ದು. ಇಳಿದು ಬಂದ ಸಾಹೇಬರು ಬಗ್ಗಿ ಹೂತ ಚಕ್ರವನ್ನು ಮುಟ್ಟಿ ನೋಡಿದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ತೊಟ್ಟಿಯನ್ನು ಇಳಿಸಿರೆಂದು ನಾನೇ ಹೇಳಿದೆ. ಉಳಿದದ್ದನ್ನು ಕರಿಯಣ್ಣ ತುಸು ಮುಂದಕ್ಕೆ ಸರಿಸಿ, "ಈಗ ನೀವೇ ಎತ್ತಿ ನೋಡಿ, ಸ್ವಾಮಿ" ಎಂದ. ಮೂಕಿ ನನ್ನ ಕೈಗೆ ಹದವಾದ ತೂಕ ಕೊಟ್ಟಿತು. ಅದೇ ಇಳಿಜಾರಿನಲ್ಲಿ ಗಾಡಿ ಈ ಸಲ ಸಾಹೇಬರು ನಿಲ್ಲೆಂದಲ್ಲಿ ನಿಂತಿತು.

ಮುಹೂರ್ತಕ್ಕೆ ಒಂದೇ ತೊಟ್ಟಿ ಕುಳಿತಿತು. ಇನ್ನೊಂದು, ಎತ್ತುಗಳು ಚೇತರಿಸಿಕೊಂಡ ಮೇಲೆ, ಯಾವ ಪಂಚಾಂಗವನ್ನೂ ಕೇಳದೆ ಬಂದಿತು. ನೀರು ಕುಡಿಯುವ ದನಗಳು ಎರಡರಲ್ಲಿ ಭೇದವೆಣಿಸಿಲ್ಲ. ಈಗ ಯಾವ ಮೋಟಾರನ್ನು ಕಂಡರೂ, ಇದು ಎಷ್ಟನ್ನು ತಡೆದು ನಿಲ್ಲಿಸೀತು ಎಂದೇ ನಾನು ಕೇಳುವುದು.

ಮರಳು ಸುರಿದ ಕರಿಯಣ್ಣನಿಗೂ, ನನ್ನನ್ನು ಬಯ್ಯದೆ ಬಿಟ್ಟ ಸಾಹೇಬರಿಗೂ, ಆ ಸಂಜೆ ಶಿರಾದ ಮನೆಬಾಗಿಲಲ್ಲಿ ಅವರನ್ನು ಎದುರುಗೊಂಡ ಮಡದಿ ಮಕ್ಕಳಿಗೂ ಸದಾ ಶುಭವಾಗಲಿ.